ಸಣ್ಣ ಊರಿನಲ್ಲಿ ಥೆರಪಿಸ್ಟ್ ಹುಡುಕಿದ ನನ್ನ ಅನುಭವ

ನಾವಿರುವುದು ಅಮೆರಿಕದ ಅಯೋವಾ ರಾಜ್ಯದ ಸಣ್ಣ ಊರೊಂದರಲ್ಲಿ. ಒಂದು ಅಪಘಾತವಾದ ಮೇಲೆ ಸ್ಟಿಯರಿಂಗ್ ಹಿಡಿದರೆ ಸಾಕು, ಕೈ ಬೆವರಿ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಇಲ್ಲಿ ಸಿಟಿ ಬಸ್ ಎಂಬುದೇ ಇಲ್ಲ. ಥೆರಪಿ, ಅಂದರೆ ಮನಸ್ಸಿನ ತೊಂದರೆಗೆ ಮಾತುಕತೆಯ ಚಿಕಿತ್ಸೆ ತಗೊಳ್ಳಿ ಎಂದರು ಡಾಕ್ಟರು.

ಇನ್ಶೂರೆನ್ಸ್ ಕಂಪನಿ ಕೊಡುವ ಥೆರಪಿಸ್ಟ್‌ಗಳ ಪಟ್ಟಿ ಹಿಡಿದು ಫೋನ್ ಮಾಡತೊಡಗಿದೆ. ಒಬ್ಬರು ನಿವೃತ್ತರು, ಇನ್ನೊಬ್ಬರು ಊರೇ ಬಿಟ್ಟಿದ್ದರು, ಮತ್ತೊಬ್ಬರು ಮಕ್ಕಳನ್ನು ಮಾತ್ರ ನೋಡುವವರು. ಆ ಪಟ್ಟಿಯ ಮೇಲೆ ಭರವಸೆ ಇಡಬೇಡಿ. ಕೆಲಸಕ್ಕೆ ಬಂದದ್ದು ಬೇರೆಯೇ: 'ಹೊಸಬರನ್ನು ತಗೊಳ್ತಿಲ್ಲ' ಎಂದವರನ್ನೇ, 'ಹಾಗಾದರೆ ನೀವು ಯಾರ ಹತ್ತಿರ ಕಳಿಸ್ತೀರಿ?' ಎಂದು ಕೇಳಿದ್ದು. ಈ ವೃತ್ತಿಯವರಿಗೆ ಒಬ್ಬರಿಗೊಬ್ಬರ ಪರಿಚಯ ಚೆನ್ನಾಗಿರುತ್ತದೆ. ಎರಡು ಮೂರು ಕಡೆ ಒಂದೇ ಹೆಸರು ಬಂತು.

ಹೆಸರು ಸಿಕ್ಕ ಕೂಡಲೇ ರಾಜ್ಯದ ಲೈಸೆನ್ಸ್ ಹುಡುಕುವ ಪುಟದಲ್ಲಿ ನೋಡಿದೆ. ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಯಾವಾಗ ಮುಗಿಯುತ್ತದೆ, ಶಿಸ್ತುಕ್ರಮ ಏನಾದರೂ ಆಗಿದೆಯೇ ಎಂಬುದು ಅಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಸಮಾಜಕಾರ್ಯ (ಸೋಶಿಯಲ್ ವರ್ಕ್) ಓದಿ ಥೆರಪಿ ಕೊಡುವವರ ಲೈಸೆನ್ಸಿಗೂ ಹೆಸರು ಬೇರೆ ಬೇರೆ: ಬೇರೆ ಬಹಳಷ್ಟು ರಾಜ್ಯಗಳಲ್ಲಿ ಎಲ್‌ಸಿಎಸ್‌ಡಬ್ಲ್ಯೂ ಎನ್ನುವುದಕ್ಕೆ ಅಯೋವಾದಲ್ಲಿ ಎಲ್‌ಐಎಸ್‌ಡಬ್ಲ್ಯೂ ಎನ್ನುತ್ತಾರೆ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿ, ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ, ಕ್ಲಿನಿಕಲ್ ಪರೀಕ್ಷೆ ಪಾಸಾದವರು ಇವರು. ಮಾತ್ರೆ ಬರೆಯುವ ಅಧಿಕಾರ ಇವರಿಗಿಲ್ಲ, ಅದಕ್ಕೆ ಡಾಕ್ಟರೋ ಮಾತ್ರೆ ಬರೆಯಲು ಅನುಮತಿ ಇರುವ ಬೇರೆಯವರೋ ಬೇಕು.

ಆದರೆ ಆ ಹೆಸರಿನವರು ನಮ್ಮ ಯಜಮಾನರ ಸಹೋದ್ಯೋಗಿಯ ಹೆಂಡತಿ! ಹಬ್ಬಕ್ಕೆ ನಮ್ಮ ಮನೆಗೆ ಬಂದು ಊಟ ಮಾಡಿ ಹೋದವರು. ಅವರೇ ಫೋನಿನಲ್ಲಿ, 'ಪರಿಚಯದವರನ್ನು ನೋಡುವುದು ನಮ್ಮ ನೀತಿಸಂಹಿತೆಗೆ ಸರಿಹೊಂದದು' ಎಂದು ಡೆ ಮೊಯ್ನ್‌ನಲ್ಲಿರುವ ಒಬ್ಬರನ್ನು ಸೂಚಿಸಿದರು. ವಿಡಿಯೋದಲ್ಲಿ ನೋಡುತ್ತಾರಂತೆ. ಕಾರು ಹತ್ತಲು ಹೆದರುವವಳಿಗೆ ಇನ್ನೇನು ಬೇಕು! ಸೆಷನ್ ಹೊತ್ತಿಗೆ ನಾವು ಯಾವ ರಾಜ್ಯದಲ್ಲಿ ಕೂತಿರುತ್ತೇವೋ ಅಲ್ಲಿಯ ಲೈಸೆನ್ಸ್ ಅವರಿಗೆ ಬೇಕು. ಹಾಗಾಗಿ ಪಕ್ಕದ ಇಲಿನಾಯ್ ರಾಜ್ಯದ ಶಿಕಾಗೋದಲ್ಲಿರುವ ತಂಗಿಯ ಮನೆಗೆ ಹೋದ ವಾರ ನನಗೆ ಸೆಷನ್ ಇರಲಿಲ್ಲ.

ಡೆ ಮೊಯ್ನ್‌ನ ಆ ಥೆರಪಿಸ್ಟನ್ನು ಮೊದಲ ಫೋನಿನಲ್ಲೇ ನೇರವಾಗಿ ಕೇಳಿದೆ: ಅಪಘಾತದ ನಂತರದ ಭಯಕ್ಕೆ ಏನು ಮಾಡುತ್ತೀರಿ? 'ಮೊದಲು ನಿಂತ ಕಾರಿನಲ್ಲಿ ಸುಮ್ಮನೆ ಕೂರುವುದು, ಆಮೇಲೆ ಎಂಜಿನ್ ಶುರು ಮಾಡುವುದು, ಆಮೇಲೆ ಬೀದಿಯ ಕೊನೆಯವರೆಗೆ' ಎಂದು ಮೆಟ್ಟಿಲುಮೆಟ್ಟಿಲಾಗಿ ಹೇಳಿದರು. 'ಮಾತಾಡೋಣ, ನೋಡೋಣ' ಎಂದಷ್ಟೇ ಹೇಳಿದ್ದರೆ ನಾನು ಬೇರೆಯವರನ್ನು ಹುಡುಕುತ್ತಿದ್ದೆ.

ದುಡ್ಡಿನ ವಿಷಯದಲ್ಲಿ ಸಂಕೋಚ ಬೇಡ. ಆದಾಯಕ್ಕೆ ತಕ್ಕ ಶುಲ್ಕ ಇದೆಯೇ ಎಂದು ಕೇಳಿ. ಇನ್ಶೂರೆನ್ಸ್ ಇಲ್ಲದೆ ಕೈಯಿಂದ ಕೊಡುವವರಿಗೆ ಅಂದಾಜು ವೆಚ್ಚವನ್ನು ಮೊದಲೇ ಬರೆದು ಕೊಡಬೇಕೆಂಬ ಕಾನೂನು 2022ರಿಂದ ಇದೆ. ಕೆಲಸದ ಕಡೆಯಿಂದ ಇಎಪಿ (ಉದ್ಯೋಗಿಗಳ ನೆರವಿನ ಯೋಜನೆ) ಇದ್ದರೆ ಮೊದಲ ಕೆಲವು ಸೆಷನ್ ಉಚಿತವಾಗಿ ಸಿಗಬಹುದು.

ಸರದಿ ಉದ್ದವಿದ್ದರೆ 'ಯಾರಾದರೂ ರದ್ದು ಮಾಡಿದರೆ ನನ್ನನ್ನು ಕರೆಯಿರಿ' ಎಂದು ಹೆಸರು ಬರೆಸಿಡಿ, ನನಗೆ ಸಿಕ್ಕಿದ್ದು ಹಾಗೆಯೇ. ಕಾಯುವ ಮಧ್ಯೆ ಜೀವವೇ ಬೇಡ ಎನಿಸಿದರೆ ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಿ, ಅದಕ್ಕೆ ಅಪಾಯಿಂಟ್‌ಮೆಂಟ್ ಬೇಕಿಲ್ಲ.