ಚುಕ್ಕಿಯ ಹಲ್ಲು, ನಮ್ಮ ಚಪ್ಪಲಿ

ಚುಕ್ಕಿ ನಮ್ಮ ಮನೆಗೆ ಬಂದಾಗ ಅವಳಿಗೆ ಮೂರು ತಿಂಗಳು ಇರಬಹುದು. ಮೈಸೂರಿನ ನಮ್ಮ ಬೀದಿಯಲ್ಲೇ ಹುಟ್ಟಿದ ನಾಯಿಮರಿ, ಹಣೆ ಮೇಲೆ ಒಂದು ಬಿಳಿ ಚುಕ್ಕಿ. ಬಂದ ಮೊದಲ ತಿಂಗಳಲ್ಲೇ ಮಾವನವರ ಹವಾಯಿ ಚಪ್ಪಲಿ, ಎರಡು ಕಾಲೊರಸು, ಒಂದು ಮೊಬೈಲ್ ಚಾರ್ಜರ್, ಮಗನ ಗಣಿತದ ನೋಟ್‌ಬುಕ್ ಎಲ್ಲ ಚಿಂದಿಯಾದವು. ಊಟದ ಮೇಜಿನ ಒಂದು ಕಾಲು ಇಲಿ ಕಡಿದ ಹಾಗೆ ಆಗಿತ್ತು.

ಚಪ್ಪಲಿ ವಿಷಯದಲ್ಲಿ ತಪ್ಪು ನನ್ನದೇ. ಹಳೇದು, ಹೇಗೂ ಬಿಸಾಡೋದೇ ಅಲ್ವಾ ಅಂತ ಒಂದು ಜೊತೆಯನ್ನು ಅವಳಿಗೆ ಆಡಲು ಕೊಟ್ಟಿದ್ದೆ. ಹದಿನೈದು ದಿನದಲ್ಲಿ ಮಗನ ಹೊಸ ಸ್ಕೂಲ್ ಶೂ ಹೋಯಿತು. ಹಳೇದು ಯಾವುದು, ಹೊಸದು ಯಾವುದು ಅಂತ ನಾಯಿಗೆ ಹೇಗೆ ಗೊತ್ತಾಗಬೇಕು? ಎರಡರಲ್ಲೂ ನಮ್ಮ ಕಾಲಿನ ವಾಸನೆಯೇ.

ಆಮೇಲೆ ಬೈಯಲು ಶುರು ಮಾಡಿದೆ. ಹೊರಗಿನಿಂದ ಬಂದು, ಚುಕ್ಕಿಯನ್ನು ಕರೆದು, ಹರಿದ ಶೂ ಮೂಗಿನ ಹತ್ತಿರ ಹಿಡಿದು ಗದರಿದೆ. ಅವಳು ಕಿವಿ ಹಿಂದಕ್ಕೆ ಮಾಡಿ, ಬಾಲ ಮುದುರಿ ಕೂತಳು. ತಪ್ಪು ಅರ್ಥವಾಗಿದೆ ಅಂದುಕೊಂಡೆ. ಅವಳು ಹೆದರಿದ್ದು ನನ್ನ ದನಿಗೆ. ಶೂ ಕಡಿದು ಎಷ್ಟೋ ಹೊತ್ತಾಗಿತ್ತು, ಅದಕ್ಕೂ ಈ ಬೈಗುಳಕ್ಕೂ ಅವಳ ತಲೆಯಲ್ಲಿ ಸಂಬಂಧವೇ ಇರಲಿಲ್ಲ. ಎರಡು ವಾರದಲ್ಲಿ ಅವಳು ಕಲಿತದ್ದು ಒಂದೇ: ಕರೆದರೆ ಹತ್ತಿರ ಬರಬಾರದು. ಅದನ್ನು ಸರಿಮಾಡಲು ನನಗೆ ಎರಡು ತಿಂಗಳು ಹಿಡಿಯಿತು. ಇವತ್ತಿಗೂ ಅದು ನೆನಪಾದರೆ ಬೇಜಾರಾಗುತ್ತದೆ.

ಒಂದು ದಿನ ಮಾವನವರ ಕನ್ನಡಕ ಅವಳ ಬಾಯಲ್ಲಿತ್ತು. ನಾವು ಮೂರು ಜನ ಕೂಗುತ್ತಾ ಹಿಂದೆ ಓಡಿದೆವು. ಅವಳು ಮಂಚದ ಕೆಳಗೆ ನುಗ್ಗಿ ಇನ್ನೂ ಜೋರಾಗಿ ಕಚ್ಚಿದಳು. ಆಗ ಮಾವ ಹೇಳಿದರು, "ನೀವೆಲ್ಲ ಸುಮ್ನೆ ಕೂತ್ಕೊಳ್ಳಮ್ಮ, ಅದಕ್ಕೆ ಆಟ ಆಗಿಬಿಟ್ಟಿದೆ." ನಾನು ಅಡುಗೆಮನೆಗೆ ಹೋಗಿ ಬೇಯಿಸಿದ ಕೋಳಿಯ ನಾಲ್ಕು ಚೂರು ತಂದೆ. ಮಂಚದಿಂದ ಒಂದು ಮಾರು ದೂರ ನೆಲದ ಮೇಲೆ ಹಾಕಿ, ಬೇರೆ ಕಡೆ ನೋಡುತ್ತಾ ಕೂತೆ. ಕನ್ನಡಕ ಟಕ್ ಅಂತ ಕೆಳಗೆ ಬಿತ್ತು. ಅವಳು ಹೊರಗೆ ಬಂದಳು.

ಅವತ್ತಿನಿಂದ ನಮ್ಮ ಮನೆಯಲ್ಲಿ ಕಿತ್ತುಕೊಳ್ಳುವುದು ನಿಂತಿತು. ಅವಳ ಬಾಯಲ್ಲಿ ಏನಾದರೂ ಇದ್ದರೆ ಅದಕ್ಕಿಂತ ರುಚಿಯಾದದ್ದನ್ನು ತೋರಿಸಿ "ಬಿಡು" ಅನ್ನುತ್ತಿದ್ದೆವು. ಬಿಟ್ಟ ತಕ್ಷಣ ತಿಂಡಿ. ಮೊದಲು ಆಟದ ಚೆಂಡಿನಲ್ಲಿ ದಿನಕ್ಕೆ ಐದಾರು ಸಲ ಅಭ್ಯಾಸ ಮಾಡಿಸಿದೆ, ಚೆಂಡು ಬಿಟ್ಟರೆ ತಿಂಡಿಯೂ ಸಿಗುತ್ತಿತ್ತು, ಚೆಂಡೂ ವಾಪಸ್ಸು. ಬಿಟ್ಟರೆ ನಷ್ಟವಿಲ್ಲ ಅಂತ ಅವಳಿಗೆ ಗೊತ್ತಾಗಬೇಕು.

ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಒಂದು ಚೀಟಿ. ಅವಳು ಏನನ್ನು, ಎಷ್ಟು ಗಂಟೆಗೆ ಕಚ್ಚಿದಳು ಅಂತ ಒಂದು ವಾರ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದೆ. ದಿನವಿಡೀ ಕಚ್ಚುತ್ತಾಳೆ ಅಂತ ನಾವೆಲ್ಲ ಹೇಳುತ್ತಿದ್ದೆವಲ್ಲ, ಹಾಗೇನೂ ಇರಲಿಲ್ಲ. ಜಾಸ್ತಿ ಗಲಾಟೆ ಸಂಜೆ ಐದೂವರೆಯಿಂದ ಏಳರ ಒಳಗೆ. ನಾನು ಅಡುಗೆಯಲ್ಲಿ, ಮಗ ಹೋಮ್‌ವರ್ಕ್‌ನಲ್ಲಿ, ಮಾವ ಟಿವಿ ಮುಂದೆ. ಅವಳ ಕಡೆ ಯಾರೂ ತಿರುಗಿ ನೋಡದ ಹೊತ್ತು ಅದು.

ಹಾಗಾಗಿ ವಾಕಿಂಗ್ ಅನ್ನು ಐದು ಗಂಟೆಗೆ ತಂದೆ. ಸುಮ್ನೆ ಎಳೆದುಕೊಂಡು ಹೋಗುವುದಲ್ಲ, ಅವಳು ನಿಂತ ಕಡೆ ನಿಂತು, ಮೂಸುವಷ್ಟು ಮೂಸಲು ಬಿಡುವುದು. ಅರ್ಧ ಗಂಟೆ ಮೂಸಿ ಬಂದರೆ ಅವಳಿಗೆ ಸಾಕಾಗುತ್ತಿತ್ತು. ಬಂದ ಮೇಲೆ ರಾಗಿಮುದ್ದೆ. ಉಪ್ಪಿಲ್ಲದ ಮುದ್ದೆಗೆ ಸ್ವಲ್ಪ ಮೊಸರು ಕಲಸಿ, ಒಳಗೆ ಟೊಳ್ಳಿರುವ ಗಟ್ಟಿ ರಬ್ಬರ್ ಆಟಿಕೆಯಲ್ಲಿ ತುಂಬಿ, ಬೆಳಿಗ್ಗೆಯೇ ಫ್ರೀಜರ್‌ನಲ್ಲಿ ಇಡುತ್ತಿದ್ದೆ. ಅದನ್ನು ನೆಕ್ಕಿ ಮುಗಿಸಲು ಅವಳಿಗೆ ಮುಕ್ಕಾಲು ಗಂಟೆ ಬೇಕು. ಮುದ್ದೆ ಸರಿ, ಆದರೆ ಸಾರು ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ.

ಅದೇ ದಿನಗಳಲ್ಲಿ ಕಾಲೊರಸಿನ ದಾರಕ್ಕೆ ಸಿಕ್ಕಿಕೊಂಡಿದ್ದ ಒಂದು ಹಾಲುಹಲ್ಲು ಸಿಕ್ಕಿತು. ಅಕ್ಕಿಕಾಳಿನಷ್ಟೇ ಇತ್ತು, ತುದಿ ಚೂಪು. ಅವಳ ತುಟಿ ಎತ್ತಿ ನೋಡಿದರೆ ವಸಡು ಕೆಂಪಗೆ ಊದಿತ್ತು. ಮರಿಗೆ 28 ಹಾಲುಹಲ್ಲು ಇರುತ್ತವೆ. ಸುಮಾರು ನಾಲ್ಕು ತಿಂಗಳಿಂದ ಆರೇಳು ತಿಂಗಳ ಒಳಗೆ ಅವು ಬಿದ್ದು 42 ಹೊಸ ಹಲ್ಲು ಬರುತ್ತವೆ. ಅಷ್ಟು ದಿನವೂ ವಸಡು ನೋಯುತ್ತದೆ, ಕಚ್ಚಿದರೆ ಹಾಯೆನಿಸುತ್ತದೆ. ಅದು ತಿಳಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಫ್ರಿಜ್‌ನಲ್ಲಿಟ್ಟ ಇಡೀ ಕ್ಯಾರೆಟ್ ಕೊಡುತ್ತಿದ್ದೆ, ನಾನು ಪಕ್ಕದಲ್ಲಿ ಇರುವಾಗ ಮಾತ್ರ. ಬೇಯಿಸಿದ ಮೂಳೆ ಯಾವತ್ತೂ ಕೊಡಲಿಲ್ಲ, ಅದು ಚೂಪಾಗಿ ಸೀಳಿ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ಆಟಿಕೆ ಕೊಳ್ಳುವಾಗ ಉಗುರಿನಿಂದ ಒತ್ತಿ ನೋಡುತ್ತೇನೆ. ಸ್ವಲ್ಪವೂ ತಗ್ಗದಿದ್ದರೆ ಹಲ್ಲೇ ಮುರಿಯಬಹುದು.

ಮೇಜಿನ ಕಾಲಿಗೆ ಮೆಣಸಿನಪುಡಿ ಹಚ್ಚಿ ಅಂತ ಪಕ್ಕದ ಮನೆಯವರು ಹೇಳಿದರು. ಕಣ್ಣು, ಮೂಗು ಉರಿಸುವ ಕೆಲಸ ನನಗೆ ಬೇಡವೆನಿಸಿತು. ಕಹಿ ಸ್ಪ್ರೇ ತಂದು ಹೊಡೆದೆ. ಅವಳು ಎರಡು ದಿನ ಆ ಕಾಲನ್ನು ಬಿಟ್ಟು, ಪಕ್ಕದ ಕಾಲಿಗೆ ಹೋದಳು.

ಹೆಚ್ಚು ಉಪಯೋಗವಾದದ್ದು ಮನೆಯವರ ಶಿಸ್ತು. ಚಪ್ಪಲಿ ಸ್ಟ್ಯಾಂಡ್‌ಗೆ ಬಾಗಿಲು ಹಾಕಿಸಿದೆವು, ವೈರುಗಳನ್ನು ಪೈಪಿನೊಳಗೆ ತೂರಿಸಿದೆವು. ಮಗನಿಗೆ ಸಾಕ್ಸ್ ಬಗ್ಗೆ ಕಟ್ಟುನಿಟ್ಟಾಗಿ ಹೇಳಿದೆ. ಚಪ್ಪಲಿ ಹೋದರೆ ಹೊಸದು ಬರುತ್ತದೆ, ನುಂಗಿದ ಸಾಕ್ಸ್ ಕರುಳಿಗೆ ಅಡ್ಡ ನಿಂತರೆ ಹೊಟ್ಟೆ ಕೊಯ್ಯಬೇಕಾಗುತ್ತದೆ.

ಈಗ ಅವಳಿಗೆ ಒಂದೂವರೆ ವರ್ಷ. ಒಂಬತ್ತನೇ ತಿಂಗಳಲ್ಲಿ ಒಮ್ಮೆ ಮತ್ತೆ ಜೋರಾಗಿತ್ತು, ದಿಂಬು ಹರಿದಳು. ಆಮೇಲೆ ತಾನಾಗಿ ಕಡಿಮೆಯಾಯಿತು. ಮೂರು ನಾಲ್ಕು ಗಂಟೆ ಒಬ್ಬಳನ್ನೇ ಬಿಟ್ಟು ಹೋಗುವಾಗ ಇಂದಿಗೂ ರೂಮಿನ ಬಾಗಿಲು ಹಾಕಿ, ಹಾಲ್‌ನಲ್ಲಿ ಅವಳ ಮುದ್ದೆ ಆಟಿಕೆ ಇಟ್ಟೇ ಹೋಗುತ್ತೇವೆ.