ಇಸಿಎಂ ಹೋಗಿರಲಿಲ್ಲ: ನನ್ನ ಅನುಭವ

ತೀರ್ಥಹಳ್ಳಿಯಲ್ಲಿ ನನ್ನದೊಂದು ಚಿಕ್ಕ ಗ್ಯಾರೇಜಿದೆ. ಕಳೆದ ಮಳೆಗಾಲದಲ್ಲಿ ಒಂದು ಪೆಟ್ರೋಲ್ ಕಾರು ಬಂತು. ಅದನ್ನು ಮೊದಲು ಎರಡು ಕಡೆ ತೋರಿಸಿದ್ದರು. "ಇಸಿಎಂ ಹೋಗಿದೆ, 35 ಸಾವಿರ ಆಗುತ್ತೆ" ಅಂದಿದ್ದರಂತೆ. ಇಸಿಎಂ ಅಂದರೆ ಇಂಜಿನ್ನನ್ನು ನಡೆಸೋ ಕಂಪ್ಯೂಟರ್. ಇಸಿಎಂ ಸರಿಯಾಗೇ ಇದೆ ಅಂತ ನಾನು ಹೇಳಿದರೆ ಯಾರೂ ನಂಬಲಿಲ್ಲ. ನನ್ನ ಜೊತೆ ಕೆಲಸ ಮಾಡೋ ಹುಡುಗನೂ ನಂಬಲಿಲ್ಲ.

ಆಗುಂಬೆ ಘಾಟಿ ಹತ್ತುವಾಗ ಡ್ಯಾಶ್‌ಬೋರ್ಡಲ್ಲಿ ಇಂಜಿನ್ ಚೆಕ್ ಲೈಟ್ ಬರುತ್ತಿತ್ತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಗಾಡಿ ಎಳೆಯುತ್ತಿರಲಿಲ್ಲ. ಕೀ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿ. ಸ್ಕ್ಯಾನರ್ ಹಾಕಿದರೆ ಮೂರು ಫಾಲ್ಟ್ ಕೋಡ್: ಪಿ0107, ಪಿ0122, ಪಿ0532. ಮ್ಯಾಪ್ (ಇಂಜಿನ್ ಎಳೆಯೋ ಗಾಳಿಯ ಒತ್ತಡ ಅಳೆಯೋದು), ಥ್ರಾಟಲ್, ಎಸಿ ಪ್ರೆಷರ್, ಮೂರೂ ಸೆನ್ಸರಿನ ವೋಲ್ಟೇಜ್ ಲೋ. ಮೊದಲು ನೋಡಿದವರು ಕೊನೆಯ ಕೋಡ್ ನೋಡಿ ಎಸಿಗೆ ಗ್ಯಾಸ್ ತುಂಬಿಸಿದ್ದರು. ಇಂಜಿನ್ನಿಗೆ ಗಾಳಿ ಬಿಡೋ ಥ್ರಾಟಲ್ ಬಾಡಿಯನ್ನೂ ಬದಲಾಯಿಸಿದ್ದರು, ಸುಮಾರು 14 ಸಾವಿರ.

ನಾನೂ ಮೊದಲು ಎಡವಿದೆ. ಹೊಸ ಮ್ಯಾಪ್ ಸೆನ್ಸರ್ ತಂದು ಹಾಕಿದೆ. 1,600 ರೂಪಾಯಿ ಇರಬೇಕು, ನನ್ನ ಕೈಯಿಂದಲೇ ಹೋಯಿತು. ಮೂರನೇ ದಿನ ಗಾಡಿ ವಾಪಸ್.

ಆಮೇಲೆ ಕೂತು ಯೋಚಿಸಿದೆ. ಈ ಗಾಡಿಯಲ್ಲಿ ಮೂರು ಸೆನ್ಸರಿಗೂ ಇಸಿಎಂನಿಂದ 5 ವೋಲ್ಟ್ ಬರೋದು ಒಂದೇ ಲೈನಿಂದ ಅಲ್ವಾ? ಆ ಲೈನ್ ಬಿದ್ದರೆ ಮೂರೂ ಒಟ್ಟಿಗೆ ಲೋ ಆಗುತ್ತವೆ. ಮೀಟರ್ ಹಿಡಿದರೆ 4.98. ಗಾಡಿ ನಿಂತಿದ್ದಾಗ ಎಲ್ಲ ಸರಿ, ಅಲ್ಲೇ ಒಂದು ದಿನ ಹಾಳಾಯಿತು. ಕೊನೆಗೆ ಮ್ಯಾಪ್ ಸೆನ್ಸರಿಗೆ ವೈರ್ ಸಿಕ್ಕಿಸೋ ಕಪ್ಲರಿಂದ ಎರಡು ವೈರ್ ಕ್ಯಾಬಿನ್ ಒಳಗೆ ಎಳೆದು ಮೀಟರ್‌ಗೆ ಕೊಟ್ಟೆ. ಹುಡುಗ ಪಕ್ಕದಲ್ಲಿ ಕೂತು ಮೀಟರನ್ನು ಮೊಬೈಲಲ್ಲಿ ವಿಡಿಯೋ ಮಾಡಿದ. ಮೇಗರವಳ್ಳಿ ಕಡೆ ಒಂದು ಗುಂಡಿಗೆ ಚಕ್ರ ಇಳಿದಿದ್ದೇ ತಡ, 4.98 ಇದ್ದದ್ದು 0.3! ಅಷ್ಟರಲ್ಲಿ ಚೆಕ್ ಲೈಟೂ ಬಂತು. ಆ ವಿಡಿಯೋ ಇನ್ನೂ ಇಟ್ಟುಕೊಂಡಿದ್ದೇನೆ. ಒಂದು ಮಾತು, ಈ ಲೈನಿಗೆ ಟೆಸ್ಟ್ ಬಲ್ಬ್ ಮಾತ್ರ ಹಾಕಬೇಡಿ. ಆಗ ಇಸಿಎಂ ನಿಜವಾಗಿಯೂ ಹೋಗಬಹುದು.

ಗ್ಯಾರೇಜಲ್ಲೇ ಫಾಲ್ಟ್ ಬರಿಸೋಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ. ಹಾಗೆ ಫಾಲ್ಟ್ ಬಂದು ಹೋಗದೆ ಉಳಿದ ಮೇಲೆ ಆ ಲೈನಿನ ಕಪ್ಲರ್‌ಗಳನ್ನು ಒಂದೊಂದಾಗಿ ಕಿತ್ತೆ. ಸೆನ್ಸರ್ ಶಾರ್ಟ್ ಆಗಿದ್ದರೆ ಅದನ್ನು ಕಿತ್ತ ಕೂಡಲೇ 5 ವೋಲ್ಟ್ ವಾಪಸ್ ಬರಬೇಕು. ಎಲ್ಲ ಕಿತ್ತರೂ 0.3 ಹಾಗೇ ಇತ್ತು. ಅಂದರೆ ಸೆನ್ಸರ್ ಅಲ್ಲ, ವೈರೇ ಎಲ್ಲೋ ಗಾಡಿಯ ಲೋಹಕ್ಕೆ ತಾಗುತ್ತಿರಬೇಕು. ಎಸಿ ಪ್ರೆಷರ್ ಸೆನ್ಸರ್‌ಗೆ ಹೋಗೋ ವೈರ್ ರೇಡಿಯೇಟರ್ ಫ್ಯಾನ್ ಪಕ್ಕದಲ್ಲೇ ಹಾದುಹೋಗುತ್ತೆ. ಬಂಪರ್ ಬಿಚ್ಚಿ ನೋಡಿದೆ. ಬ್ರಾಕೆಟ್ ಅಂಚಿಗೆ ಉಜ್ಜಿ ಉಜ್ಜಿ, ಕಾಲು ಇಂಚಿನಷ್ಟು ತಾಮ್ರ ಹೊರಗೆ ಬಂದಿತ್ತು.

ಬೆಸುಗೆ ಹಾಕಿ, ಸ್ಲೀವ್ ಏರಿಸಿ, ವೈರನ್ನು ಬ್ರಾಕೆಟ್‌ನಿಂದ ದೂರ ಕಟ್ಟಿದೆ. ಸಾಮಾನಿಗೆ 70 ರೂಪಾಯಿ ಆಗಿರಬಹುದು. 2,500 ತಗೊಂಡೆ. ಮೂರು ದಿನದ ಕೆಲಸಕ್ಕೆ ಅದು ಜಾಸ್ತಿ ಅಲ್ಲ.

ಹಳೇ ಥ್ರಾಟಲ್ ಬಾಡಿ ಡಿಕ್ಕಿಯಲ್ಲೇ ಇತ್ತು. ನೋಡೋಣ ಅಂತ ಅದನ್ನೇ ವಾಪಸ್ ಹಾಕಿ ಐಡಲ್ ಸೆಟ್ ಮಾಡಿದೆ. ಘಾಟಿಗೆ ಒಂದು ಸುತ್ತು ಹೋಗಿ ಬಂದೆ, ಒಂದು ಕೋಡೂ ಬರಲಿಲ್ಲ. 14 ಸಾವಿರದ ಹೊಸದನ್ನು ಅದರದೇ ಡಬ್ಬಕ್ಕೆ ತುಂಬಿ ಮಾಲೀಕರ ಕೈಗೆ ಕೊಟ್ಟೆ.