ಹೂಳು ಕೊಳದ ಕೋಡಿ: ತಿಳಿನೀರು ಮಾತ್ರ ಹೊರಬೀಳಬೇಕಾದರೆ

ನೀರಿನ ತಳದ ಹೂಳೆತ್ತುವ ಯಂತ್ರದ (ಡ್ರೆಜರ್) ಪೈಪಿನಿಂದ ಬರುವ ಕೆಸರುನೀರನ್ನು ಏರಿ ಹಾಕಿದ ಕೊಳದಲ್ಲಿ ನಿಲ್ಲಿಸಿ, ಹೂಳು ಕೂತ ಮೇಲೆ ತಿಳಿನೀರನ್ನಷ್ಟೇ ಹೊರಬಿಡಬೇಕು. ಕೋಡಿ ಗಿಡ್ಡವಾದರೆ ಸೆಳೆತ ಕೆಳಗಿನ ಪದರಕ್ಕೂ ಇಳಿದು ಕೆಸರು ಎದ್ದು ಬರುತ್ತದೆ. ಹಾಗಾಗಿ ಮೊದಲು ಲೆಕ್ಕ ಹಾಕಬೇಕಾದ್ದು ಕೋಡಿಯ ಉದ್ದ.

400 ಮಿ.ಮೀ. ಪೈಪಿನಲ್ಲಿ ಸೆಕೆಂಡಿಗೆ 4 ಮೀಟರ್ ವೇಗವಿದ್ದರೆ ಹರಿವು ಸೆಕೆಂಡಿಗೆ ಸುಮಾರು 0.5 ಘನ ಮೀಟರ್. ತೆಳು ಅಂಚಿನ ಕೋಡಿಗೆ ಸೂತ್ರ (ಅಳತೆ ಮೀಟರಿನಲ್ಲಿ): ಹರಿವು = 1.84 × ಉದ್ದ × ನೀರಿನ ಎತ್ತರದ 1.5ನೇ ಘಾತ. ಕೋಡಿ 3 ಮೀಟರ್ ಇದ್ದರೆ ನೀರು ಅಂಚಿನಿಂದ 20 ಸೆಂ.ಮೀ. ಮೇಲೆ ನಿಲ್ಲುತ್ತದೆ, 12 ಮೀಟರ್ ಇದ್ದರೆ 8 ಸೆಂ.ಮೀ. ಸಾಕು. ಈ ಎತ್ತರವನ್ನು ಅಂಚಿನ ಮೇಲೆ ಅಳೆಯಬೇಡಿ, ನೀರು ಅಲ್ಲಿ ಬಾಗಿರುತ್ತದೆ. ಒಂದು ಮೀಟರ್ ಹಿಂದೆ ಅಳತೆ ಕೋಲು ನೆಡಿ. ನಾಲ್ಕೂ ಬದಿಯಿಂದ ನೀರು ಒಳಬೀಳುವ ಪೆಟ್ಟಿಗೆ ಕೋಡಿಯನ್ನು ಏರಿಗೆ ಒತ್ತಿ ಇಟ್ಟರೆ ಆ ಬದಿಗೆ ನೀರು ಸರಿಯಾಗಿ ಬರುವುದಿಲ್ಲ, ಅದನ್ನು ಉದ್ದಕ್ಕೆ ಸೇರಿಸಬೇಡಿ.

ಕೋಡಿಯ ಮುಂದೆ ಕೂತ ಹೂಳಿನ ಮೇಲೆ ಕನಿಷ್ಠ 0.6 ಮೀಟರ್ ನೀರು ನಿಂತಿರಲಿ. ಸಿಹಿನೀರಿನಲ್ಲಿ ಜೇಡಿ ಕಣ ನಿಧಾನವಾಗಿ ಕೂರುತ್ತದೆ, ಅಲ್ಲಿ ಇನ್ನೂ ಹೆಚ್ಚು ಬೇಕು. ಉಪ್ಪುನೀರಿನಲ್ಲಿ ಕಣಗಳು ಗಂಟುಕಟ್ಟಿ ಬೇಗ ಇಳಿಯುತ್ತವೆ. ಪೈಪಿನ ಬಾಯಿ ಒಂದು ತುದಿಯಲ್ಲಿ, ಕೋಡಿ ಎದುರು ತುದಿಯಲ್ಲಿ ಇರಲಿ. ಆದರೂ ನೀರು ನೇರ ದಾರಿ ಹಿಡಿದರೆ ನಡುವೆ ಅಡ್ಡ ಏರಿ ಹಾಕಿ.

ಕೋಡಿಯ ಬದಿಗೆ ಹಲಗೆಗಳನ್ನು ಒಂದರ ಮೇಲೊಂದು ಕಂಬಗಳ ಸೀಳಿನಲ್ಲಿ ಇಳಿಸಿ ಅಂಚಿನ ಎತ್ತರ ಬದಲಿಸುವುದು ವಾಡಿಕೆ. ಕೆಳಗಿನವು 20 ಸೆಂ.ಮೀ. ಅಗಲ ಇರಬಹುದು, ಮೇಲಿನವು 5ರಿಂದ 10 ಸೆಂ.ಮೀ. ಇದ್ದರೆ ಮಟ್ಟ ಸಣ್ಣಸಣ್ಣದಾಗಿ ಹೊಂದಿಸಬಹುದು. ಸಂದಿಯಿದ್ದರೆ ತಳದ ಕೆಸರೇ ಸೋರುತ್ತದೆ, ಒಳಬದಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಎಲ್ಲ ಪೆಟ್ಟಿಗೆಗಳ ಅಂಚೂ ಒಂದೇ ಮಟ್ಟದಲ್ಲಿರಬೇಕು, ಇದು ಬಹಳ ಮುಖ್ಯ: 8 ಸೆಂ.ಮೀ. ನೀರಿನಲ್ಲಿ ಒಂದು ಅಂಚು 2 ಸೆಂ.ಮೀ. ತಗ್ಗಿದ್ದರೆ ಅಲ್ಲಿ ಪ್ರತಿ ಮೀಟರಿಗೆ ಶೇ. 40ರಷ್ಟು ಹೆಚ್ಚು ನೀರು ನುಗ್ಗುತ್ತದೆ. ಪೆಟ್ಟಿಗೆಯಿಂದ ಹೊರಹೋಗುವ ಪೈಪು ಸಣ್ಣದಾದರೆ ನೀರು ಹಿಮ್ಮೆಟ್ಟಿ ಕೋಡಿಯೇ ಮುಳುಗುತ್ತದೆ. ಖಾಲಿ ಪೆಟ್ಟಿಗೆಯನ್ನು ನೀರು ಎತ್ತಿಬಿಡಬಹುದು, ಕಾಂಕ್ರೀಟ್ ತಳಕ್ಕೆ ಬಿಗಿಯಿರಿ.

ನೀರು ಕದಡಿದರೆ ಹಲಗೆ ತೆಗೆಯಬೇಡಿ, ಅದರಿಂದ ಕೊಳದ ಆಳ ಕಡಿಮೆಯಾಗಿ ಸೆಳೆತ ಇನ್ನೂ ಹೆಚ್ಚುತ್ತದೆ. ಏರಿಯ ತಲೆಯವರೆಗೆ 0.6 ಮೀಟರಿಗಿಂತ ಹೆಚ್ಚು ಬಿಡುವಿದ್ದರೆ ಒಂದು ಹಲಗೆ ಸೇರಿಸಿ. ಇಲ್ಲದಿದ್ದರೆ ಡ್ರೆಜರನ್ನು ಬಿಟ್ಟುಬಿಟ್ಟು ಓಡಿಸಿ. ಕೆಲಸ ಮುಗಿದ ಮೇಲೂ ಒಂದೊಂದೇ ಹಲಗೆ ತೆಗೆಯಿರಿ, ಪ್ರತಿ ಸಲ ಕೋಡಿಯ ನೀರನ್ನು ಬಾಟಲಿಯಲ್ಲಿ ಹಿಡಿದು ನೋಡಿ, ಕೆಸರು ಕಂಡ ಕೂಡಲೇ ನಿಲ್ಲಿಸಿ.